ಒಂಬತ್ತು ಅಡಿ ಪೆಟ್ರೋಲು

"ನಿಮ್ಮ ಬಾಣಂತನಕ್ಕೆ ನಾನೇ ಬತ್ತೀನಿ ಕನಕಮ್ಮಾರೆ. ಇದೇ ಕಾರಲ್ಲಿ ಕರಕಂಡು ಓಯ್ತೀನಿ. ದಾರೀಲಿ ಒಂದ್ ಕಿತವೂ ಬಾನೆಟ್ ಎತ್ತಕಿಲ್ಲ, ನೋಡ್ತಾ ಇರಿ."

ಮಂಡ್ಯದ ಮೆಕ್ಯಾನಿಕ್ ಮರಿಸಿದ್ದಯ್ಯ ಈ ಮಾತು ಕೊಟ್ಟದ್ದು ಅರವತ್ತೊಂಬತ್ತನೇ ಇಸವಿಯ ಮೇ ತಿಂಗಳಲ್ಲಿ, ಮಳವಳ್ಳಿಯ ಒಂದು ಮನೆಯ ಜಗಲಿಯ ಮುಂದೆ, ಮೊಣಕೈವರೆಗೂ ಮಸಿ ಮಾಡಿಕೊಂಡು ನಿಂತು. ಮದುಮಗಳು ಕನಕಲಕ್ಷ್ಮಿಯನ್ನು ಗಂಡನ ಮನೆ ತುಂಬಿಸಲು ಹೊರಟ ಕಾರು ಮಂಡ್ಯದಿಂದ ಮಳವಳ್ಳಿ ಸೇರುವಷ್ಟರಲ್ಲಿ ಮೂರು ಸಲ ನಿಂತಿತ್ತು. ತಪ್ಪು ರೇಡಿಯೇಟರಿನ ಪೈಪಿನದು. ಮೂರು ಸಲವೂ ಅವನು ಬಾನೆಟ್ ಎತ್ತಿದ್ದ, ಮೂರು ಸಲವೂ ಗಂಡಿನ ಕಡೆಯವರು ಇಳಿದು ಹುಣಸೆಮರದ ನೆರಳು ಹುಡುಕಿಕೊಂಡಿದ್ದರು. ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ಕಾದಿದ್ದ ಅತ್ತೆ ಸರಸಮ್ಮ ಸೊಸೆಯನ್ನು ನೋಡುವ ಮೊದಲು ಕಾರನ್ನು ನೋಡಿ, "ಹುಡುಗಿ ಜೊತೆ ಇದನ್ನೂ ಇಲ್ಲೇ ಬಿಟ್ಟು ಹೋಗ್ತಾರೇನೋ ಅಂತ ಭಯವಾಗಿತ್ತು" ಎಂದರು. ಎಲ್ಲರೂ ನಕ್ಕರು. ಇಪ್ಪತ್ತರ ಹುಡುಗಿ ಕನಕಲಕ್ಷ್ಮಿಯ ಕಣ್ಣು ತುಂಬಿತು. ಅದನ್ನು ಕಂಡು ಮರಿಸಿದ್ದಯ್ಯ ಮಾತು ಕೊಟ್ಟುಬಿಟ್ಟ. ಯಾರೂ ಅವನನ್ನು ಕೇಳಿರಲಿಲ್ಲ. ಕೇಳಿಸಿಕೊಂಡು ಕೊಟ್ಟ ಮಾತಿಗಿಂತ ಕೇಳದೆ ಕೊಟ್ಟ ಮಾತು ಒಂದು ಸೇರು ಹೆಚ್ಚು ತೂಗುತ್ತದೆ.

ಆಮೇಲೆ ಏಳು ವರ್ಷ ಆ ಮಾತಿಗೆ ಕೆಲಸ ಬೀಳಲಿಲ್ಲ. ಎಪ್ಪತ್ತಾರರಲ್ಲಿ ಬಿತ್ತು.

ಕಾರು ಐವತ್ತೆಂಟರ ಫಿಯಟ್. ಕನಕಲಕ್ಷ್ಮಿಯ ತಂದೆ ಯೋಗಾನರಸಿಂಹ ಮೇಷ್ಟ್ರದು. ಮೇಷ್ಟ್ರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟು, ಹೆಡ್ಮಾಸ್ಟರಾಗಿ ನಿವೃತ್ತರಾದವರು. ಮೈಸೂರಿನಲ್ಲಿ ಡಾಕ್ಟರಾಗಿದ್ದ ಅವರ ಭಾವಮೈದ ಹೊಸ ಕಾರು ಕೊಂಡಾಗ ಹಳೆಯದನ್ನು ಅಕ್ಕನ ಮನೆ ಬಾಗಿಲಿಗೆ ತಂದು ನಿಲ್ಲಿಸಿ, ಬಸ್ಸು ಹತ್ತಿ ಹೊರಟುಹೋಗಿದ್ದ. ಅವತ್ತಿನಿಂದ ಅದರ ಯೋಗಕ್ಷೇಮ ಮರಿಸಿದ್ದಯ್ಯನದು. ಓಡಿಸುವುದೂ ಅವನೇ. ಮೇಷ್ಟ್ರಿಗೆ ಕಾರು ಹೇಗೆ ಓಡುತ್ತದೆಂಬುದನ್ನು ಬೋರ್ಡಿನ ಮೇಲೆ ಬರೆದು ತೋರಿಸಲು ಬರುತ್ತಿತ್ತು, ಓಡಿಸಲು ಬರುತ್ತಿರಲಿಲ್ಲ.

ಆ ವರ್ಷದ ಮಳೆಗಾಲದಿಂದ ಕಾರಿಗೆ ಒಂದು ರೋಗ ಹತ್ತಿತು. ಮಂಡ್ಯದಲ್ಲಿ ಬೆಳಿಗ್ಗೆ ಗುಂಡು ಹೊಡೆದ ಹಾಗೆ ಸ್ಟಾರ್ಟ್ ಆಗುವುದು. ರಸ್ತೆಯಲ್ಲಿ ಚೆನ್ನಾಗಿಯೇ ಓಡುವುದು. ಮದ್ದೂರು ಪೇಟೆಗೆ ಬಂದು ಗಾಡಿ, ಎಮ್ಮೆ, ಬಸ್ಸುಗಳ ನಡುವೆ ನಿಧಾನ ಮಾಡಿದ ಕೂಡಲೇ ಗುಡುಗುಡು ಎಂದು, ಹಿಂದೆ ಕರಿ ಹೊಗೆ ಬಿಟ್ಟು, ಗಮ್ಮೆಂದು ಪೆಟ್ರೋಲ್ ವಾಸನೆ ಹೊಡೆದು ಆರಿಹೋಗುವುದು. ಅರ್ಧ ಗಂಟೆ ಬಿಟ್ಟರೆ ಏನೂ ಆಗದವರ ಹಾಗೆ ತಾನೇ ಸ್ಟಾರ್ಟ್ ಆಗುವುದು. ಅಷ್ಟರಲ್ಲಿ ಮದ್ದೂರಿನ ಅರ್ಧ ಜನ ಬಂದು ಒಂದೇ ಮಾತು ಹೇಳಿ ಹೋಗಿರುತ್ತಿದ್ದರು: "ಪೆಟ್ರೋಲ್ ಬತ್ತಾಯಿಲ್ಲ ಕಣಯ್ಯ."

ಅಕ್ಟೋಬರಿನಲ್ಲಿ ಸೀಮಂತಕ್ಕೆ ಹೊರಟಾಗಲೂ ಹೀಗೇ ಆಯಿತು. ಮೇಷ್ಟ್ರೂ ಅವರ ಹೆಂಡತಿ ಪಂಕಜಮ್ಮನೂ ಸೀರೆ, ಬಳೆ, ಐದು ಬಗೆ ತಿಂಡಿ ಇಟ್ಟುಕೊಂಡು ಮದ್ದೂರಿನಲ್ಲಿ ಒಂದು ಗಂಟೆ ಕೂತರು. ಮಳವಳ್ಳಿ ತಲುಪಿದಾಗ ಆರತಿ ಮುಗಿದು ಎಲೆ ಹಾಕಿತ್ತು.

ನವೆಂಬರಿನಲ್ಲಿ ಸರಸಮ್ಮನ ಕಾರ್ಡು ಬಂತು. ಮೇಷ್ಟ್ರು ಅದನ್ನು ಮರಿಸಿದ್ದಯ್ಯನ ಷೆಡ್ಡಿಗೇ ತಂದು ಓದಿದರು.

"ಗುರುವಾರಕ್ಕೆ ಏಳು ತಿಂಗಳು ಮುಗಿಯುತ್ತದೆ. ಎಂಟರಲ್ಲಿ ಹೊಸಿಲು ದಾಟಿಸುವ ಪದ್ಧತಿ ನಮ್ಮಲ್ಲಿಲ್ಲ. ಬಸ್ಸಿನ ಕುಲುಕಾಟ ಬೇಡ. ಬಾಡಿಗೆ ಕಾರಿನಲ್ಲಿ ಯಾರು ಯಾರೋ ಕೂತಿರುತ್ತಾರೆ, ಅದೂ ಬೇಡ. ನಿಮ್ಮ ಕಾರು ನಿಲ್ಲದೆ ಬರುವುದಾದರೆ ಗುರುವಾರ ಬೆಳಿಗ್ಗೆ ಬಂದು ಕರೆದುಕೊಂಡು ಹೋಗಿ. ನಿಂತು ನಿಂತು ಬರುವುದಾದರೆ ಬಾಣಂತನ ಇಲ್ಲೇ ಆಗಲಿ, ನಮಗೂ ಕೈಕಾಲು ಗಟ್ಟಿಯಿದೆ. ಮದ್ದೂರಿನಲ್ಲಿ ನಮ್ಮ ನೆಂಟರ ಹೋಟೆಲಿದೆ. ನಿಂತರೆ ನನಗೆ ತಿಳಿಯುತ್ತದೆ."

ಅವತ್ತು ಸೋಮವಾರ.

"ಪಂಕಜ ಬೆಳಗಿನಿಂದ ಕಾಫಿ ಕುಡಿದಿಲ್ಲ ಕಣಯ್ಯ," ಎಂದರು ಮೇಷ್ಟ್ರು. "ಏಳು ವರ್ಷ ಕಾದಿದ್ದಾಳೆ. ಚೊಚ್ಚಲ ಬಾಣಂತನ ತವರಲ್ಲಿ ಮಾಡಿಸೋ ಯೋಗ ಒಂದು ಪೆಟ್ರೋಲ್ ಇಂಜಿನ್ನಿನ ಕೈಲಿದೆ ಅಂತ ಅಳ್ತಾ ಇದ್ದಾಳೆ."

"ಇಂಜಿನ್ ಕೈಲಲ್ಲ ಬುಡಿ ಮೇಷ್ಟ್ರೆ, ನನ್ ಕೈಲದೆ," ಎಂದ ಮರಿಸಿದ್ದಯ್ಯ. ತಾನು ಕೊಟ್ಟ ಮಾತಿನ ಸುದ್ದಿ ಎತ್ತಲಿಲ್ಲ. ಮೇಷ್ಟ್ರಿಗೆ ಅದು ಗೊತ್ತಿತ್ತೋ ಇಲ್ಲವೋ.

ಪೆಟ್ರೋಲ್ ಬರುತ್ತಿಲ್ಲ ಎಂಬ ಮದ್ದೂರಿನವರ ಮಾತನ್ನು ಅವನು ನಂಬಿರಲಿಲ್ಲ. ಆದರೂ ಟ್ಯಾಂಕು ತೊಳೆದಿದ್ದ, ಪೈಪು ಊದಿದ್ದ. ಸೋಮವಾರ ಮಧ್ಯಾಹ್ನ ನಾಲ್ಕೂ ಪ್ಲಗ್ಗು ಬಿಚ್ಚಿದ. ನಾಲ್ಕೂ ಕಾಡಿಗೆ ಡಬ್ಬಿಯಲ್ಲಿ ಅದ್ದಿದ ಹಾಗೆ ಕಪ್ಪಗೆ, ಒದ್ದೆಯಾಗಿದ್ದವು. ಬಾಯಾರಿದ ಇಂಜಿನ್ನಿನ ಪ್ಲಗ್ಗು ಬೆಳ್ಳಗೆ ಸುಟ್ಟಿರುತ್ತದೆ. ಇದು ಕುಡಿದು ಕುಡಿದು ವಾಂತಿ ಮಾಡಿಕೊಂಡದ್ದು.

ಹಾಗಾದರೆ ತಪ್ಪು ಇಂಜಿನ್ನಿಗೆ ಪೆಟ್ರೋಲ್ ಅಳೆದು ಕೊಡುವ ಕಾರ್ಬೊರೇಟರಿನದಿರಬೇಕು. ಅದರ ತೊಟ್ಟಿಯಲ್ಲಿ ಹಿತ್ತಾಳೆಯ ಬುರುಡೆಯೊಂದು ತೇಲುತ್ತಿರುತ್ತದೆ. ಪೆಟ್ರೋಲ್ ತುಂಬಿದಾಗ ಬುರುಡೆ ಮೇಲೆದ್ದು ಒಂದು ಸಣ್ಣ ಮುಳ್ಳನ್ನು ಒತ್ತಿ ಬಾಗಿಲು ಮುಚ್ಚುತ್ತದೆ. ಬುರುಡೆ ತೂತಾಗಿದೆಯೋ ಎಂದು ಬಿಸಿನೀರಿನಲ್ಲಿ ಮುಳುಗಿಸಿ ನೋಡಿದ, ಒಂದು ಗುಳ್ಳೆಯೂ ಬರಲಿಲ್ಲ. ಮುಳ್ಳು ಸವೆದಿದೆಯೋ ಎಂದು ಹೊಸದು ಹಾಕಿದ. ಕಾರನ್ನು ಸ್ಟಾರ್ಟ್ ಮಾಡಿ ನಿಂತಲ್ಲೇ ಹತ್ತು ನಿಮಿಷ ಬಿಟ್ಟ. ಹನ್ನೊಂದನೇ ನಿಮಿಷಕ್ಕೆ ಕಾರ್ಬೊರೇಟರಿನ ಮೈಮೇಲೆ ಪೆಟ್ರೋಲ್ ಇಳಿಯಿತು, ಇಂಜಿನ್ ಗುಡುಗುಟ್ಟಿ ಆರಿತು. ಮದ್ದೂರು ಷೆಡ್ಡಿಗೇ ಬಂದಿತ್ತು.

ಸಾಯಂಕಾಲ ಮನೆಗೆ ಹೋಗಿ ಕೈತೊಳೆದು ಕೂರುವಷ್ಟರಲ್ಲಿ ಹೆಂಡತಿ ದೇವಿರಮ್ಮ, "ಸುಮ್ಕೆ ಕುಂತಿದ್ದೀಯಲ್ಲ, ವಸಿ ಸ್ಟೌ ಹಚ್ಚು, ನಾ ಅಕ್ಕಿ ತೊಳ್ಕಂಡು ಬತ್ತೀನಿ" ಎಂದಳು. ಅವನು ಸೀಮೆಎಣ್ಣೆ ಸ್ಟೌ ಹಚ್ಚಿ ಪಂಪು ಹೊಡೆಯುತ್ತ ಕೂತ. ಮನಸ್ಸು ಕಾರ್ಬೊರೇಟರಿನಲ್ಲಿತ್ತು, ಕೈ ತನ್ನ ಪಾಡಿಗೆ ಹೊಡೆಯುತ್ತಿತ್ತು. ಸ್ಟೌ ಒಂದು ಸಲ ಬುಸ್ಸೆಂದು, ನೀಲಿ ಉರಿ ಹಳದಿಗೆ ತಿರುಗಿ, ಎಣ್ಣೆಯನ್ನೇ ಉಗುಳಿ, ಹೊಗೆ ಎಬ್ಬಿಸಿತು.

ದೇವಿರಮ್ಮ ಓಡಿ ಬಂದು ಗಾಳಿ ಬಿಟ್ಟಳು. "ಎಂಥ ಮಕಾನಿಕ್ಕೋ ನೀನು. ಅದುಕ್ಕೇನು ಎಣ್ಣೆ ಕಮ್ಮಿ ಆಗಿತ್ತಾ? ಬರ್ನಾಲು ಕೆಟ್ಟಿತ್ತಾ? ಎಲ್ಲಾ ಸರಿಯಾಗೇ ಅದೆ. ನಿನ್ನ ಹೊಡ್ತ ಜಾಸ್ತಿ, ಅಷ್ಟೆ."

ಮರಿಸಿದ್ದಯ್ಯ ಹೆಂಡತಿಯ ಮುಖವನ್ನೇ ನೋಡುತ್ತ ಕೂತ.

"ಏನು, ಮೊಕದಲ್ಲಿ ಮಸಿ ಆಗದಾ?"

"ಇಲ್ಲ. ಇನ್ನೊಂದ್ ಕಿತ ಏಳು."

"ಏನ?"

"ಈಗ ಏಳಿದ್ದು."

"ನಿನ್ನ ಹೊಡ್ತ ಜಾಸ್ತಿ ಅಂದೆ."

"ಸರಿ," ಎಂದ. ಅವತ್ತು ಅನ್ನ ಅರೆಬೆಂದಿತ್ತು. ಅವನಿಗೆ ತಿಳಿಯಲಿಲ್ಲ.

ಕಾರ್ಬೊರೇಟರಿನ ಬಾಗಿಲೂ ಸರಿ, ಬಾಗಿಲು ಮುಚ್ಚುವವನೂ ಸರಿ. ಆದರೆ ಹೊರಗಿನಿಂದ ತಳ್ಳುವವನ ಜೋರು ಹೆಚ್ಚಾಗಿದೆ. ಕಾರು ಓಡುವಾಗ ಇಂಜಿನ್ನೇ ಎಲ್ಲವನ್ನೂ ಕುಡಿದುಬಿಡುತ್ತದೆ, ತಿಳಿಯುವುದಿಲ್ಲ. ನಿಧಾನ ಮಾಡಿದಾಗ ಬಾಗಿಲು ಮುಚ್ಚಿರಬೇಕು. ಟ್ಯಾಂಕಿನಿಂದ ಪೆಟ್ರೋಲ್ ಎಳೆದು ತಳ್ಳುವ ಪಂಪು ಅದನ್ನು ಒದ್ದು ತೆಗೆಯುತ್ತಿದೆ. ಹೀಗೆಂದು ಅವನ ಲೆಕ್ಕ. ಆದರೆ ಆ ಜೋರನ್ನು ಅಳೆಯಬೇಕಲ್ಲ. ಮಂಗಳವಾರ ಬೆಳಿಗ್ಗೆ ಸಕ್ಕರೆ ಕಾರ್ಖಾನೆಯಲ್ಲಿದ್ದ ಪರಿಚಯದವನೊಬ್ಬನಿಂದ ಒಂದು ಗಡಿಯಾರದಂಥ ಮೀಟರು ತಂದ. ಅದು ಬಾಯ್ಲರಿನ ಆವಿ ಅಳೆಯುವಂಥದು, ಇನ್ನೂರು ಪೌಂಡಿನವರೆಗೆ ಗೀಟು ಹಾಕಿತ್ತು. ಫಿಯಟ್ಟಿನ ಪಂಪಿಗೆ ಜೋಡಿಸಿದರೆ ಅದರ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ಆನೆ ತೂಗುವ ತಕ್ಕಡಿಯಲ್ಲಿ ಮೆಂತ್ಯ ಹಾಕಿದ ಹಾಗಾಯಿತು.

ಮೇಷ್ಟ್ರು ಹೆಗಲ ಮೇಲೆ ವಲ್ಲಿ ಹೊದ್ದು ನೋಡುತ್ತ ನಿಂತಿದ್ದರು. "ಮೀಟರ್ ಯಾಕಯ್ಯ? ಪೆಟ್ರೋಲನ್ನು ಮೇಲಕ್ಕೆ ಹತ್ತಿಸು. ಎಷ್ಟು ಅಡಿ ಎತ್ತರಕ್ಕೆ ನೂಕುತ್ತೆ ಅನ್ನೋದೇ ಅದರ ಒತ್ತಡ. ಒಂಬತ್ತನೇ ಕ್ಲಾಸಿನ ಪಾಠ."

"ಎಲ್ಲಿಗೆ ಅತ್ತಿಸ್ಲಿ ಸ್ವಾಮಿ?"

ಮೇಷ್ಟ್ರು ತಮ್ಮ ಹಿತ್ತಲಿಗೆ ಕಾರು ತರಿಸಿ ತೆಂಗಿನ ಮರ ತೋರಿಸಿದರು.

ಗೋಡೆಯ ಮಟ್ಟ ನೋಡಲು ಗಾರೆ ಕೆಲಸದವರ ಹತ್ತಿರ ಒಂದು ಉದ್ದನೆಯ ಪ್ಲಾಸ್ಟಿಕ್ ಪೈಪಿರುತ್ತದೆ, ಒಳಗಿನದು ಹೊರಗೆ ಕಾಣುವಂಥದು. ಅದನ್ನು ಇಸಕೊಂಡು ಬಂದು ಏಣಿ ಹಾಕಿ ಮರಕ್ಕೆ ಕಟ್ಟಿದರು. ಮೇಷ್ಟ್ರು ಸ್ಕೂಲಿನ ಅಡಿಪಟ್ಟಿ ತಂದು, ಕಾರ್ಬೊರೇಟರಿನ ಮಟ್ಟದಿಂದ ಶುರುಮಾಡಿ, ಕಾಂಡದ ಮೇಲೆ ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು ಎಂದು ಇಪ್ಪತ್ತರವರೆಗೆ ಗುರುತು ಹಾಕಿದರು. ಅರವತ್ತೊಂದರ ವಯಸ್ಸಿನಲ್ಲಿ ಏಣಿ ಹತ್ತಬೇಡಿ ಎಂದ ಪಂಕಜಮ್ಮನಿಗೆ, "ಇದು ಕನಕನ ವಿಷಯ, ನೀನು ಸುಮ್ಮನಿರು" ಎಂದರು. ಅವರು ಪೆಟ್ರೋಲಿಗೆ ಕಿಡಿ ತಾಗೀತೆಂದು ಅಡುಗೆಮನೆಯ ಒಲೆಗೆ ನೀರು ಸುರಿದು ಆರಿಸಿ ಬಂದು ನಿಂತರು.

ಸರಿ ಅಳತೆ ಎಷ್ಟೆಂದು ತಿಳಿಯಲು ಮೊದಲು ಮರಿಸಿದ್ದಯ್ಯನ ಗೆಳೆಯ ಪುಟ್ಟಸ್ವಾಮಿಯ ಟ್ಯಾಕ್ಸಿಯನ್ನು ತಂದು ನಿಲ್ಲಿಸಿದರು. ಅದೂ ಫಿಯಟ್ಟೇ, ಅದಕ್ಕೇನೂ ರೋಗವಿಲ್ಲ. ಪಂಪಿನ ಬಾಯಿಗೆ ಪೈಪು ಸಿಕ್ಕಿಸಿ, ಕಾರ್ಬೊರೇಟರಿನ ತೊಟ್ಟಿಯಲ್ಲಿದ್ದ ಪೆಟ್ರೋಲಿನಲ್ಲೇ ಇಂಜಿನ್ ಓಡಿಸಿದರು. ಪೆಟ್ರೋಲು ಪೈಪಿನಲ್ಲಿ ಏರಿ ಒಂಬತ್ತು ಅಡಿಯ ಗೀಟಿಗೆ ಬಂದು ನಿಂತಿತು. ಎಷ್ಟು ರೇಸ್ ಮಾಡಿದರೂ ಅಲ್ಲಿಂದ ಮೇಲೆ ಹೋಗಲಿಲ್ಲ.

"ಮೂರು ಪೌಂಡು," ಎಂದರು ಮೇಷ್ಟ್ರು.

"ನನ್ ಗಾಡಿ ಆರೋಗ್ಯವಾಗದೆ ಅಂತ ಒಂದು ಸಲ್ಟಿಪಿಕೇಟ್ ಬರ್ಕೊಡಿ ಮೇಷ್ಟ್ರೆ," ಎಂದ ಪುಟ್ಟಸ್ವಾಮಿ.

ಆಮೇಲೆ ಮೇಷ್ಟ್ರ ಕಾರು. ಪೆಟ್ರೋಲು ಒಂಬತ್ತು ದಾಟಿತು. ಹನ್ನೆರಡು ದಾಟಿತು. ಹದಿನಾಲ್ಕರಲ್ಲಿ ಸ್ವಲ್ಪ ಯೋಚನೆ ಮಾಡಿ ಹದಿನಾರು ಅಡಿಗೆ ಹೋಗಿ ಕೂತಿತು. ನಾಲ್ವರೂ ಕತ್ತೆತ್ತಿ ನೋಡಿದರು.

"ಲೋ ಸಿದ್ದಣ್ಣ," ಎಂದ ಪುಟ್ಟಸ್ವಾಮಿ, "ಇನ್ ಸ್ವಲ್ಪ ಒತ್ತು ಬಿಟ್ರೆ ಕಾಯಿ ಕೀಳ್ತದೆ ಕಣ್ಲಾ."

"ಐದು ಪೌಂಡಿಗೆ ಒಂದು ಗುಂಜಿ ಹೆಚ್ಚು," ಎಂದರು ಮೇಷ್ಟ್ರು. ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಕಾರಿನದೋ ಲೆಕ್ಕದ್ದೋ ತಿಳಿಯಲಿಲ್ಲ.

ಮರಿಸಿದ್ದಯ್ಯ ಪಂಪು ಬಿಚ್ಚಿದ. ಅಂಗೈಯಗಲದ ಪಂಪು ಅದು, ಇಂಜಿನ್ನಿನ ಮಗ್ಗುಲಿಗೆ ಎರಡು ನಟ್ಟಿನಲ್ಲಿ ಕೂತಿರುತ್ತದೆ. ಇಂಜಿನ್ನಿನ ಒಳಗಿಂದ ಒಂದು ಕಡ್ಡಿ ಬಂದು ಪಂಪಿನ ನಾಲಗೆಯನ್ನು ಒತ್ತುತ್ತದೆ. ನಡುವೆ ಪ್ಯಾಕಿಂಗು ಇರಬೇಕು. ಎಣ್ಣೆ ಸೋರದಿರಲಿ ಎಂದು ಮಾತ್ರವಲ್ಲ. ಪ್ಯಾಕಿಂಗ್ ದಪ್ಪವಿದ್ದಷ್ಟೂ ಪಂಪು ದೂರ ಕೂರುತ್ತದೆ, ಕಡ್ಡಿ ಮೆಲ್ಲಗೆ ಒತ್ತುತ್ತದೆ. ತೆಳುವಾದರೆ ಹತ್ತಿರ ಬಂದು, ಕಡ್ಡಿ ಹೊಟ್ಟೆಗೇ ತಿವಿಯುತ್ತದೆ.

ನಡುವೆ ಇದ್ದದ್ದು ಎರಡು ಮಡಿಕೆ ನ್ಯೂಸ್ ಪೇಪರು.

ಅವನು ಕುಕ್ಕರಗಾಲಲ್ಲಿ ಕೂತ. ಇದು ಅವನ ಪ್ಯಾಕಿಂಗಲ್ಲ. ಕನಕಲಕ್ಷ್ಮಿಯ ಮದುವೆಯ ಹಿಂದಿನ ದಿನ ಹಳೆಯದು ಪುಡಿಯಾಗಿದೆಯೆಂದು ತೆಗೆದು, ನಾಲ್ಕು ಪದರದ ಗಟ್ಟಿ ಪ್ಯಾಕಿಂಗನ್ನು ತಾನೇ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ಕೂರಿಸಿದ್ದ. ಏಳು ವರ್ಷ ಅದು ಕದಲಿರಲಿಲ್ಲ. ನಟ್ಟನ್ನು ಮೂಗಿನ ಹತ್ತಿರ ಹಿಡಿದ. ಬಟ್ಟೆ ಸೋಪಿನ ವಾಸನೆ. ನಟ್ಟಿನ ಒಳಸುತ್ತುಗಳಿಗೆ ಸೋಪು ಹಚ್ಚಿ ತಿರುಗಿಸುವವನು ಮೂರು ತಾಲ್ಲೂಕಿಗೆ ಒಬ್ಬನೇ, ಮದ್ದೂರಿನ ಮೆಕ್ಯಾನಿಕ್ ಬೋರಯ್ಯ.

"ಮೇಷ್ಟ್ರೆ, ಈ ಪಂಪ ಬೋರಯ್ಯ ಬಿಚ್ಚಿದ್ನಾ?"

ಮೇಷ್ಟ್ರು ತೆಂಗಿನ ಮರದ ಸೀಮೆಸುಣ್ಣದ ಅಂಕೆಗಳನ್ನು ವಲ್ಲಿಯ ತುದಿಯಿಂದ ಒರೆಸಲು ತೊಡಗಿದರು. ಒರೆಸುವ ಅಗತ್ಯವಿರಲಿಲ್ಲ. "ನೀನು ಯಲಿಯೂರಲ್ಲಿ ಕಾಲು ಮುರಕೊಂಡು ಮಲಗಿದ್ದೆಯಲ್ಲ, ಜೂನಲ್ಲಿ," ಎಂದರು. "ಬೇರೆ ಡ್ರೈವರನ್ನ ಕರಕೊಂಡು ಹೋಗಿದ್ದೆ. ಮದ್ದೂರಲ್ಲಿ ಪಂಪಿನ ರಬ್ಬರು ಹರೀತು. ಬೋರಯ್ಯ ಹೊಸದು ಹಾಕಿದ. ನಿನಗೆ ಹೇಳಿದರೆ ನೊಂದುಕೊಳ್ತೀಯ ಅಂತ..."

ಮರಿಸಿದ್ದಯ್ಯನಿಗೆ ನೋವಾಯಿತು. ಆದರೆ ಅದಕ್ಕೆ ಆಗ ಪುರುಸೊತ್ತಿರಲಿಲ್ಲ. ತನ್ನ ಹಳೆಯ ಪ್ಯಾಕಿಂಗು ಸಿಕ್ಕೀತೆಂದು ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಮದ್ದೂರಿಗೆ ಹೋದ.

ಬೋರಯ್ಯ ಲಾರಿಯೊಂದರ ಕೆಳಗೆ ಮಲಗಿದ್ದ. ಕಾಲು ಮಾತ್ರ ಕಾಣುತ್ತಿತ್ತು.

"ಲೇ ಬೋರ, ಮೇಷ್ಟ್ರು ಕಾರಿನ್ ಪ್ಯಾಕಿಂಗ ಏನ್ ಮಾಡ್ದ್ಲಾ?"

"ಯಾರ್ಲಾ ಅದು, ಸಿದ್ದನಾ?" ಎಂದವು ಕಾಲುಗಳು. "ಕಾಲು ಸರಿ ಓಯ್ತಾ?"

"ಕಾಲ್ ಇರ್ಲಿ. ನಾಕ್ ಪದ್ರ ಗಟ್ಟಿ ಪ್ಯಾಕಿಂಗ್ ಕಿತ್ತು ಪೇಪರ್ ಮಡಗಿದ್ದೀಯಲ್ಲ, ನಿಂಗೆ ಕೆಲ್ಸ ಕಲ್ಸಿದೋರು ಯಾರು?"

"ನಿಂಗ್ ಕಲ್ಸಿದೋರೇ ಕಣ್ಲಾ." ಬೋರಯ್ಯ ಹೊರಗೆ ಬಂದು ಕೂತ. "ನಿನ್ ಪ್ಯಾಕಿಂಗ ನಾನೇನ್ ತಿಂತೀನಾ? ತಿರ್ಗಾ ಅದ್ನೇ ಮಡಗಕ್ಕೆ ಓದೆ. ಮೇಷ್ಟ್ರು ಪಕ್ದಲ್ಲೇ ನಿಂತಿದ್ರು. ಕಣ್ ಅಗಲ ಮಾಡ್ಕಂಡು, 'ಅದನ್ನ ಇಲ್ಲಿ ಕೊಡು' ಅಂದ್ರು. ಕೊಟ್ಟೆ. ಎರ್ಡೂ ಕೈಲಿ ಇಸ್ಕಂಡು ಕಣ್ಗೊತ್ಕಂಡ್ರು. ಬಿಸ್ಲಿಗೆ ಏನೋ ಆಗಿರ್ಬೇಕು ಅನ್ಕಂಡು ಪೇಪರ್ ಮಡ್ಚಿ ಮಡಗ್ದೆ. ಲೀಕ್ ಆಯ್ತಾ?"

"ಲೀಕ್ ಆಗ್ನಿಲ್ಲ."

"ಮತ್ತೆ? ನನ್ ಕೆಲ್ಸ ಸರಿಯಾಗೇ ಅದೆ. ಟೀ ಕುಡ್ದು ಓಗು."

ಮರಿಸಿದ್ದಯ್ಯನಿಗೆ ಟೀ ಕುಡಿಯುವಾಗ ಎಲ್ಲ ನೆನಪಾಯಿತು. ಆ ನಾಲ್ಕು ಪದರವನ್ನು ಯಾವುದರಿಂದ ಕತ್ತರಿಸಿದ್ದನೆಂದೂ ನೆನಪಾಯಿತು. ಮದುವೆಯ ಹಿಂದಿನ ದಿನ ಅಂಗಡಿ ಬಾಗಿಲು ಹಾಕಿತ್ತು. ಮೇಷ್ಟ್ರ ಮನೆಯ ಪಡಸಾಲೆಯಲ್ಲಿ ಹಂಚಿ ಉಳಿದ ಲಗ್ನಪತ್ರಿಕೆಗಳ ಕಟ್ಟಿತ್ತು. ಒಳ್ಳೆಯ ಗಟ್ಟಿ ಕಾರ್ಡು. ಯಾರನ್ನೂ ಕೇಳದೆ ನಾಲ್ಕು ತೆಗೆದುಕೊಂಡಿದ್ದ.

ಟೀ ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದ.

ಮೇಷ್ಟ್ರು ಅವನನ್ನು ದೇವರ ಮನೆಯ ಬಾಗಿಲಿಗೆ ಕರೆದುಕೊಂಡು ಹೋದರು. ಅವನು ಹೊಸಿಲಾಚೆ ನಿಂತ. ಸಾಲಿಗ್ರಾಮದ ಪೆಟ್ಟಿಗೆಯ ಪಕ್ಕದಲ್ಲಿ, ಬೆಳ್ಳಿ ತಟ್ಟೆಯ ಮೇಲೆ, ಪ್ಯಾಕಿಂಗು ಇತ್ತು. ಪದರ ಬಿಡಿಸಿ, ಸೀಗೆಪುಡಿಯಲ್ಲಿ ತೊಳೆದು, ಒಣಗಿಸಿ ಇಟ್ಟಿದ್ದರು. ಅದರ ಮೇಲೆ ಒಂದು ದಳ ತುಳಸಿ. ನಡುವೆ ಕಡ್ಡಿ ಹಾಯುವ ತೂತು, ಆಚೆ ಈಚೆ ಬೋಲ್ಟಿನ ತೂತು. ತೂತಿನ ಮೇಲ್ಗಡೆ ಅಚ್ಚಾಗಿ, 'ಶ್ರೀ ಲಕ್ಷ್ಮೀನರಸಿಂಹ ಪ್ರಸನ್ನ.' ಕೆಳಗಡೆ, 'ಚಿ|| ಸೌ|| ಕನಕಲ—', ಅಲ್ಲಿಗೆ ಬೋಲ್ಟು.

"ಸ್ವಾಮಿ ಹೆಸರು ಕಣಯ್ಯ," ಎಂದರು ಮೇಷ್ಟ್ರು. "ಎಣ್ಣೆ, ಪೆಟ್ರೋಲು, ಮಸಿ. ಏಳು ವರ್ಷ. ಮಗಳಿಗೆ ಯಾಕೆ ಮಕ್ಕಳಾಗಲಿಲ್ಲ ಅಂತ ಜ್ಯೋತಿಷಿಗಳನ್ನೆಲ್ಲ ಕೇಳಿದ್ದೆ. ಪಂಪಿನ ಒಳಗೆ ನೋಡು ಅಂತ ಒಬ್ಬನೂ ಹೇಳಲಿಲ್ಲ."

ಜೂನ್ ತಿಂಗಳಲ್ಲಿ ಕಾರ್ಡನ್ನು ತಂದು ಪೂಜೆಗಿಟ್ಟರು. ಆ ತಿಂಗಳ ಕೊನೆಗೆ ಮಳವಳ್ಳಿಯಿಂದ ಒಳ್ಳೆಯ ಸುದ್ದಿ ಬಂತು. ವಿಜ್ಞಾನದ ಮೇಷ್ಟ್ರು ಇದನ್ನು ಯಾರಿಗೂ ಹೇಳಿರಲಿಲ್ಲ. ತಿಂಗಳು ಎಣಿಸಿದರೆ ಮಗು ಕಾರ್ಡಿಗಿಂತ ಹಳೆಯದೆಂದು ಮರಿಸಿದ್ದಯ್ಯನಿಗೂ ಹೊಳೆಯಿತು. ಅವನೂ ಹೇಳಲಿಲ್ಲ.

"ತಪ್ಪಾಯ್ತು ಸ್ವಾಮಿ," ಎಂದ.

"ನೀನು ಬೇಕು ಅಂತ ಮಾಡಿದೆಯಾ?"

"ಆದ್ರೂ ಈಗ ಅದೇ ದಪ್ಪ ಬೇಕು ಮೇಷ್ಟ್ರೆ. ಅದ್ನೇ ಕೊಟ್ರೆ..."

"ಆಗೋಲ್ಲ. ದಿನಾ ತೀರ್ಥ ಹಾಕಿದ್ದೀನಿ."

ಅಂಗಡಿಯ ಪ್ಯಾಕಿಂಗ್ ಹಾಳೆ ಒಂದೋ ತೀರ ದಪ್ಪ, ಇಲ್ಲ ತೀರ ತೆಳು. ಒಂದೊಂದೇ ಪದರ ಹಾಕಿ ಒಂಬತ್ತು ಅಡಿಗೆ ಇಳಿಸಬೇಕಾದರೆ ಲಗ್ನಪತ್ರಿಕೆಯಂಥ ಕಾರ್ಡೇ ಆಗಬೇಕು. ದೇವರ ಹೆಸರಿರಬಾರದು, ಅಷ್ಟೆ ಎಂದರು ಮೇಷ್ಟ್ರು. ಮೂವರೂ ಹುಡುಕಲು ಕೂತರು.

ಒಂದು ಬ್ರಾಹ್ಮಣರ ಮನೆಯಲ್ಲಿ ದೇವರ ಹೆಸರಿಲ್ಲದ ರಟ್ಟು ಸಿಗುವುದು ಎಷ್ಟು ಕಷ್ಟವೆಂದು ಅವತ್ತು ಮಧ್ಯಾಹ್ನ ತಿಳಿಯಿತು. ಪಂಚಾಂಗದ ಹೊದಿಕೆಯಲ್ಲಿ ಗಣಪತಿ. ಬಟ್ಟೆ ಅಂಗಡಿಯ ಕ್ಯಾಲೆಂಡರಿನಲ್ಲಿ ಲಕ್ಷ್ಮಿ. ಊದುಬತ್ತಿ ಡಬ್ಬಿಯಲ್ಲಿ ವೆಂಕಟರಮಣ. ಹಳೆಯ ನೋಟುಪುಸ್ತಕದಲ್ಲಿ ವೀಣೆ ಹಿಡಿದ ಸರಸ್ವತಿ. ಮದುವೆ, ಮುಂಜಿ, ಗೃಹಪ್ರವೇಶದ ಕಾರ್ಡುಗಳು ನೂರಾರು, ಒಂದೊಂದರಲ್ಲಿ ಮೂರು ಮೂರು ದೇವರು. ವೈಕುಂಠ ಸಮಾರಾಧನೆಯ ಕಾರ್ಡು ಸಿಕ್ಕಿತು. ಬಸುರಿಯನ್ನು ಕೂರಿಸುವ ಕಾರಿಗೆ ಅದನ್ನು ಮುಟ್ಟಕೂಡದೆಂದು ಪಂಕಜಮ್ಮ ಕಸಿದುಕೊಂಡರು. ಮರಿಸಿದ್ದಯ್ಯ ತನ್ನ ಮನೆಗೆ ಹೋಗಿ ಬಂದ. ಅಲ್ಲಿಯೂ ಬೆಂಕಿಪೊಟ್ಟಣ ಬಿಟ್ಟರೆ ಎಲ್ಲದರಲ್ಲೂ ಮಾದೇಶ್ವರ.

ನಾಲ್ಕು ಗಂಟೆಗೆ ಮೇಷ್ಟ್ರು ತಮ್ಮ ಪೆನ್ಷನ್ ಕಾಗದಗಳ ನಡುವಿನಿಂದ ಒಂದು ಕಾರ್ಡು ತೆಗೆದು ಬೆಳಕಿಗೆ ಹಿಡಿದರು. ಹೊಳೆಯುವ ಗಟ್ಟಿ ಕಾರ್ಡು. ಮೇಲೊಂದು ಕುಟುಂಬ ಯೋಜನೆಯ ತಲೆಕೆಳಗಾದ ಕೆಂಪು ತ್ರಿಕೋನ. ಅಪ್ಪ, ಅಮ್ಮ, ಎರಡು ಮಕ್ಕಳು ನಗುತ್ತಿದ್ದರು. 'ಎರಡು ಅಥವಾ ಮೂರು ಸಾಕು.' ಪೆನ್ಷನ್ ತರಲು ಹೋದವರಿಗೆಲ್ಲ ಆ ವರ್ಷ ಕೈಗೊಂದು ಕೊಡುತ್ತಿದ್ದರು. ಮೇಷ್ಟ್ರು ಐದು ತಿಂಗಳು ಹೋಗಿ ಐದು ತಂದಿದ್ದರು. ಅರವತ್ತೊಂದು ವರ್ಷದವರಿಗೆ ಅದನ್ನು ಯಾಕೆ ಕೊಟ್ಟರೆಂದು ಅವರು ಕೇಳಿರಲಿಲ್ಲ. ಕಾಗದ ಚೆನ್ನಾಗಿದೆಯೆಂದು ಇಟ್ಟುಕೊಂಡಿದ್ದರು.

ಹಿಂದೆ ಮುಂದೆ ತಿರುಗಿಸಿ ನೋಡಿದರು. "ದೇವರಿಲ್ಲ," ಎಂದರು.

ಪಂಕಜಮ್ಮ ಕಾರ್ಡನ್ನು ನೋಡಿದರು, ಗಂಡನನ್ನು ನೋಡಿದರು. "ಬಾಣಂತನಕ್ಕೆ ಕರೆದುಕೊಂಡು ಬರೋ ಕಾರಿಗೆ," ಎಂದರು.

"ಎರಡು ಸಾಕು ಅಂತ ಹೇಳುತ್ತೆ ಕಣೇ. ಒಂದು ಬೇಡ ಅನ್ನಲ್ಲ."

ಮೇಷ್ಟ್ರು ಮರದ ಮೇಲೆ ಅಂಕೆಗಳನ್ನು ಮತ್ತೆ ಬರೆದ ಮೇಲೆ, ಒಂದು ಪದರ ಹಾಕಿ ಪೈಪು ಜೋಡಿಸಿದರು. ಪೆಟ್ರೋಲು ಹದಿನಾಲ್ಕು ಅಡಿಗೆ ನಿಂತಿತು. ಎರಡು ಹಾಕಿದರು, ಹನ್ನೆರಡು. ಮೂರಕ್ಕೆ ಹತ್ತೂವರೆ. ನಾಲ್ಕನೆಯದನ್ನು ಎಣ್ಣೆಯಲ್ಲಿ ನೆನೆಸಿ ಕೂರಿಸಿದಾಗ ಒಂಬತ್ತು ಅಡಿಯ ಗೀಟಿಗೆ ಬಂದು, ಒಮ್ಮೆ ತೂಗಿ, ನಿಂತಿತು. ಆಮೇಲೆ ಕಾರ್ಬೊರೇಟರು ಜೋಡಿಸಿ, ಕಾರನ್ನು ನಿಂತಲ್ಲೇ ನಲವತ್ತು ನಿಮಿಷ ಓಡಿಸಿದರು. ಹೊಗೆಯಿಲ್ಲ, ವಾಸನೆಯಿಲ್ಲ. ಪಂಕಜಮ್ಮ ಹೋಗಿ ಕಾಫಿ ಕುಡಿದರು.

ಗುರುವಾರ ಬೆಳಿಗ್ಗೆ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಮೇಷ್ಟ್ರೂ ಮರಿಸಿದ್ದಯ್ಯನೂ ಹೊರಟರು. ಮಳವಳ್ಳಿಯಲ್ಲಿ ಸರಸಮ್ಮ ಜಗಲಿ ಇಳಿದು ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಎಷ್ಟು ಸಲ ನಿಂತ್ರಿ?"

"ಒಂದ್ ಕಿತ," ಎಂದ ಮರಿಸಿದ್ದಯ್ಯ.

"ಎಲ್ಲಿ?"

"ನಿಮ್ ಬಾಗ್ಲಲ್ಲಿ."

ಸರಸಮ್ಮ ನಗಲಿಲ್ಲ. ಸೊಸೆಗೆ ಮಡಿಲು ತುಂಬಿ, ಒಳಗೆ ಹೋಗಿ ಇನ್ನೊಂದು ದಿಂಬು ತಂದು ಸೀಟಿನ ಮೇಲೆ ತಾವೇ ಇಟ್ಟರು. "ಹೆರಿಗೆ ಆದ ತಕ್ಷಣ ತಂತಿ ಕೊಡಿ," ಎಂದು ಬೀಗರಿಗೆ ಹೇಳಿದರು. "ಕಾರು ಕಳಿಸಬೇಡಿ. ನಾನು ಬಸ್ಸಲ್ಲಿ ಬರ್ತೀನಿ."

ಕನಕಲಕ್ಷ್ಮಿ ಹಿಂದೆ ದಿಂಬಿಗೆ ಒರಗಿ ಕೂತಳು. ಮೇಷ್ಟ್ರು ಮುಂದೆ ಕೂತರು. ಮರಿಸಿದ್ದಯ್ಯ ಹಳ್ಳ ಕಂಡಲ್ಲೆಲ್ಲ ಹೆಜ್ಜೆ ಎಣಿಸುವವನ ಹಾಗೆ ಓಡಿಸಿದ. ಚಿಕ್ಕರಸಿನಕೆರೆ ಕಡೆಯಿಂದ ಬಂದ ಕಬ್ಬಿನ ಗಾಡಿಗಳು ರಸ್ತೆಗೆ ಅಡ್ಡಲಾಗಿ ಸಿಕ್ಕಿಕೊಂಡಿದ್ದವು. ಒಂದು ಗಾಡಿಯ ಅಚ್ಚು ಮುರಿದಿತ್ತು. ಇಪ್ಪತ್ತು ನಿಮಿಷ ಇಂಜಿನ್ ಆರಿಸದೆ ನಿಂತ. ಆರಿಸಿದರೆ ತಪ್ಪಿರಲಿಲ್ಲ, ಆದರೆ ಆರಿಸಲಿಲ್ಲ. ಕಿಟಕಿಯಿಂದ ಮೂಗು ಹೊರಗಿಟ್ಟು ಕೂತ. ಕಬ್ಬಿನ ವಾಸನೆ, ಸಗಣಿಯ ವಾಸನೆ. ಪೆಟ್ರೋಲಿನದು ಇಲ್ಲ. ಮೇಷ್ಟ್ರು ಏನೋ ಜಪ ಮಾಡುತ್ತಿದ್ದರು.

ಮದ್ದೂರು ಪೇಟೆಯಲ್ಲಿ ಬಸ್ಸೊಂದು ಎದುರಾಗಿ ಕಾರು ಆಮೆಯ ಹಾಗೆ ತೆವಳಿತು. ಸರಸಮ್ಮನ ನೆಂಟರ ಹೋಟೆಲಿನ ಮೆಟ್ಟಿಲ ಮೇಲೆ ಒಬ್ಬರು ಬೈರಾಸಿನಲ್ಲಿ ಕೈ ಒರೆಸುತ್ತ ಕಾರನ್ನೇ ನೋಡುತ್ತಿದ್ದರು. ಅವರ ಹಿಂದೆ ಗೋಡೆ ಗಡಿಯಾರವಿತ್ತು. ತನ್ನ ಷೆಡ್ಡಿನ ಮುಂದೆ ಬೋರಯ್ಯ ಸ್ಪ್ಯಾನರ್ ಎತ್ತಿ, "ನಿಲ್ಸಲಾ, ಟೀ ಕುಡ್ಯನ" ಎಂದು ಕೂಗಿದ. ಮರಿಸಿದ್ದಯ್ಯ ಕತ್ತು ತಿರುಗಿಸಲಿಲ್ಲ.

ಹನ್ನೊಂದು ಗಂಟೆಗೆ ಮಂಡ್ಯದ ಮನೆ ಬಂತು. ಪಂಕಜಮ್ಮ ಬಾಗಿಲಲ್ಲೇ ಇದ್ದರು. ಕನಕಲಕ್ಷ್ಮಿಗೆ ಆಗ ಎಚ್ಚರವಾಯಿತು. ಕಬ್ಬಿನ ಗಾಡಿಗಳ ಹತ್ತಿರ ಹತ್ತಿದ ನಿದ್ದೆ.

"ಆಗಲೇ ಬಂದ್ವಾ?" ಎಂದಳು.

"ಬಂದ್ವಿ," ಎಂದ ಮರಿಸಿದ್ದಯ್ಯ. ಬಾಗಿಲು ತೆಗೆದು ಹಿಡಿದು ಸ್ವಲ್ಪ ತಡೆದ. "ಕನಕಮ್ಮಾರೆ, ಮದ್ವೆ ದಿನ ಮಳವಳ್ಳೀಲಿ ಒಂದ್ ಮಾತ್ ಏಳಿದ್ದೆ ನಿಮ್ಗೆ. ಗ್ಯಾಪ್ಕ ಐತಾ?"

ಅವಳು ದಿಂಬನ್ನು ಹಿಡಿದುಕೊಂಡು ಯೋಚಿಸಿದಳು. "ಅವತ್ತು ಕಾರು ಕೆಟ್ಟಿದ್ದು ಜ್ಞಾಪಕ ಇದೆ ಸಿದ್ದಣ್ಣ. ನೀನೇನು ಹೇಳಿದ್ದೆ?"

"ಏನಿಲ್ಲ ಬುಡಿ. ಉಸಾರಾಗಿ ಇಳೀರಿ, ಮೆಟ್ಲು ಅದೆ."

ಅವಳು ತಾಯಿಯ ಕೈ ಹಿಡಿದು ಒಳಗೆ ಹೋದಳು. ದಾರಿಯಲ್ಲಿ ಎಲ್ಲೂ ಬಾನೆಟ್ ಎತ್ತಲಿಲ್ಲ. ಕೊಟ್ಟ ಮಾತು ನಡೆಯಿತು.